ಮಧ್ಯಮದಲ್ಲಿ ಮರಳುವ ಸ್ವರಗಳು: ಶ್ರುತಿಲೇಖನದ ಒಂದು ಸಮಸ್ಯೆ

ಮಾತನ್ನು ಬರೆದಿಡುವ ವಿದ್ಯೆ ಮಾನವನಿಗೆ ಬಹು ಹಿಂದೆಯೇ ಕರಗತವಾಯಿತು. ನಾದವನ್ನು ಬರೆದಿಡುವ ವಿದ್ಯೆ ಇನ್ನೂ ಪೂರ್ಣವಾಗಿ ಕೈವಶವಾಗಿಲ್ಲ. ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯು ಕ್ರಿ.ಪೂ. ೩ನೆಯ ಶತಮಾನದಲ್ಲಿ ಬರೆಯಿಸಿದ ಶಾಸನವು ೧೯೧೫ರಲ್ಲಿ ಬೆಳಕಿಗೆ ಬಂದಿತು. ಅದರ ಮಾತುಗಳು ವಿದ್ವಾಂಸರಿಗೆ ತಿಳಿದವು. ಅಶೋಕನೆಂಬ ಹೆಸರೂ ಅಲ್ಲಿ ದೊರೆಯಿತು. ಆದರೆ ಆ ಮಾತುಗಳನ್ನು ಅಂದು ಜನರ ಮುಂದೆ ಓದಿ ಹೇಳಿದವನ ದನಿ ಎಲ್ಲಿ ಏರಿತು, ಎಲ್ಲಿ ಇಳಿಯಿತು ಎಂಬುದನ್ನು ಬಂಡೆ ಹೇಳಲಾರದು. ಲಿಪಿಗೆ ದಕ್ಕಿದುದು ಮಾತಿನ ಶರೀರ ಮಾತ್ರ.

ಇದೇ ಸೀಮೆಯ ತತ್ತ್ವಪದಗಳ ಸ್ಥಿತಿಯೂ ಇಂದು ಹೆಚ್ಚುಕಡಿಮೆ ಇದೇ ಆಗಿದೆ. ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದ ಹಳ್ಳಿಗಳ ಮಠ-ಗುಡಿಗಳಲ್ಲಿ ಅಮಾವಾಸ್ಯೆಯ ಭಜನೆ, ಶ್ರಾವಣದ ಪುರಾಣ ಪ್ರವಚನ, ಜಾತ್ರೆಯ ಜಾಗರಣೆಗಳು ನಡೆಯುವಾಗ ನಿಜಗುಣ ಶಿವಯೋಗಿಗಳ ಕೈವಲ್ಯ ಪದಗಳು, ಕಡಕೋಳ ಮಡಿವಾಳಪ್ಪನವರ ಪದಗಳು, ಸಿಂಧನೂರು ತಾಲೂಕಿನ ಅಂಬಾಮಠದೊಡನೆ ಹೆಸರು ಬೆಸೆದುಕೊಂಡಿರುವ ಚಿದಾನಂದಾವಧೂತರ ಪದಗಳು ಏಕತಾರಿ, ತಾಳ, ದಮ್ಮಡಿ, ಪೇಟಿಗಳೊಡನೆ ಕೇಳಿಬರುತ್ತವೆ. ವಚನಗಾಯನಕ್ಕೆ ಹೆಸರಾದ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರು ಈ ಜಿಲ್ಲೆಯವರೇ. ಪದಗಳ ಸಾಹಿತ್ಯವು ಸಂಪುಟಗಳಾಗಿ ಅಚ್ಚಾಗಿದೆ. ಅವುಗಳ ಮಟ್ಟುಗಳು ಮಾತ್ರ ಬಹುಮಟ್ಟಿಗೆ ಹಾಡುವವರ ಕಂಠದಲ್ಲಿಯೇ ಉಳಿದಿವೆ. ಹಿರಿಯ ಕಂಠವೊಂದು ಮೌನವಾದರೆ ಅದರೊಡನೆ ಕೆಲವು ಮಟ್ಟುಗಳೂ ಮರೆಯಾಗುತ್ತವೆ. ಆದುದರಿಂದ ಮಟ್ಟುಗಳನ್ನು ಬರೆದಿಡಬೇಕೆಂಬ ವಿಚಾರದಲ್ಲಿ ಎರಡು ಮಾತಿಲ್ಲ. ಹೇಗೆ ಬರೆಯಬೇಕು ಎಂಬುದೇ ಪ್ರಶ್ನೆ. ತಪ್ಪಾಗಿ ಬರೆದ ಮಟ್ಟು, ಬರೆಯದೆ ಉಳಿದ ಮಟ್ಟಿಗಿಂತ ಹೆಚ್ಚಿನ ಹಾನಿಯನ್ನು ಮಾಡಬಲ್ಲದು. ಏಕೆಂದರೆ ಮುಂದಿನವರು ಕಾಗದವನ್ನು ನಂಬಿ ಕಂಠವನ್ನು ತಿದ್ದುತ್ತಾರೆ.

ಈ ತೊಡಕು ಅತ್ಯಂತ ಸ್ಪಷ್ಟವಾಗಿ ಕಾಣುವುದು, ಸ್ವರಗಳ ನಡೆಯು ಷಡ್ಜದಿಂದ ಷಡ್ಜಕ್ಕೆ ಆವರ್ತಿಸದೆ ಷಡ್ಜದಿಂದ ಮಧ್ಯಮಕ್ಕೆ ಆವರ್ತಿಸುವ ಸಂದರ್ಭದಲ್ಲಿ. ಅಂಥ ನಡೆಯ ಲಕ್ಷಣವೇನು, ರೂಢಿಯ ಸ್ವರಲಿಪಿ ಅದರ ಮುಂದೆ ಎಲ್ಲಿ ಸೋಲುತ್ತದೆ, ಅದನ್ನು ಬರೆಯಲು ಯಾವ ದಾರಿ ಇದೆ ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಶ್ರುತಿಯ ಲೆಕ್ಕ

ಒಂದು ಸ್ಥಾಯಿಯಲ್ಲಿ ೨೨ ಶ್ರುತಿಗಳಿವೆ ಎಂಬುದು ಭರತಮುನಿಯ ಕಾಲದಿಂದ ಬಂದ ಲೆಕ್ಕ. ದೇವಗಿರಿಯ ಸೇವುಣರ ಆಶ್ರಯದಲ್ಲಿ ೧೩ನೆಯ ಶತಮಾನದಲ್ಲಿ ‘ಸಂಗೀತರತ್ನಾಕರ’ವನ್ನು ಬರೆದ ಶಾರ್ಙ್ಗದೇವನೂ, ೧೫ನೆಯ ಶತಮಾನದ ವಿಜಯನಗರದಲ್ಲಿ ಅದಕ್ಕೆ ‘ಕಲಾನಿಧಿ’ ಎಂಬ ವ್ಯಾಖ್ಯಾನವನ್ನು ರಚಿಸಿದ ಕಲ್ಲಿನಾಥನೂ ಈ ಲೆಕ್ಕವನ್ನೇ ಅನುಸರಿಸಿದರು. ಕನ್ನಡದಲ್ಲಿ ನಿಜಗುಣ ಶಿವಯೋಗಿಗಳು ತಮ್ಮ ‘ವಿವೇಕಚಿಂತಾಮಣಿ’ಯಲ್ಲಿ ಸಂಗೀತಶಾಸ್ತ್ರದ ವಿಷಯಗಳಿಗೂ ಎಡೆಗೊಟ್ಟಿದ್ದಾರೆ. ಅದಕ್ಕಿಂತ ಮುಂಚೆಯೇ ಬಸವಣ್ಣನವರು ತಮ್ಮ ದೇಹವನ್ನು ವಾದ್ಯದ ದಂಡಿಗೆಯಾಗಿ ಕಲ್ಪಿಸಿದ ವಚನದಲ್ಲಿ ಮೂವತ್ತೆರಡು ರಾಗಗಳ ಮಾತನ್ನು ಎತ್ತಿರುವುದು ಪ್ರಸಿದ್ಧವಾಗಿದೆ. ಶಾಸ್ತ್ರದ ಪರಿಭಾಷೆಯು ಶರಣಸಾಹಿತ್ಯಕ್ಕೆ ಹೊರಗಿನದಾಗಿರಲಿಲ್ಲ.

ಷಡ್ಜಗ್ರಾಮದಲ್ಲಿ ಷಡ್ಜ, ಮಧ್ಯಮ, ಪಂಚಮಗಳಿಗೆ ನಾಲ್ಕು ನಾಲ್ಕು ಶ್ರುತಿ. ರಿಷಭ, ಧೈವತಗಳಿಗೆ ಮೂರು ಮೂರು. ಗಾಂಧಾರ, ನಿಷಾದಗಳಿಗೆ ಎರಡೆರಡು. ಷಡ್ಜದಿಂದ ಹೊರಟರೆ ಮೂರು ಶ್ರುತಿಯ ಮೇಲೆ ರಿಷಭ, ಅಲ್ಲಿಂದ ಎರಡರ ಮೇಲೆ ಗಾಂಧಾರ, ಅಲ್ಲಿಂದ ನಾಲ್ಕರ ಮೇಲೆ ಮಧ್ಯಮ. ಹೀಗೆ ಷಡ್ಜ-ಮಧ್ಯಮಗಳ ಅಂತರ ಒಂಬತ್ತು ಶ್ರುತಿ. ಷಡ್ಜ-ಪಂಚಮಗಳ ಅಂತರ ಹದಿಮೂರು. ಒಂಬತ್ತು ಅಥವಾ ಹದಿಮೂರು ಶ್ರುತಿಗಳ ಅಂತರವುಳ್ಳ ಸ್ವರಗಳು ಪರಸ್ಪರ ಸಂವಾದಿಗಳೆಂದು ಭರತನು ಹೇಳುತ್ತಾನೆ.

ಇದನ್ನು ತಂತಿಯ ಮೇಲೆ ಅಳೆದು ನೋಡಿದರೆ ಮಾತು ಇನ್ನಷ್ಟು ತಿಳಿಯಾಗುತ್ತದೆ. ೩೬ ಅಂಗುಲದ ತಂತಿಯನ್ನು ಮೀಟಿದಾಗ ಹುಟ್ಟುವುದು ಷಡ್ಜವಾದರೆ, ೨೭ ಅಂಗುಲದಲ್ಲಿ ಮಧ್ಯಮ, ೨೪ರಲ್ಲಿ ಪಂಚಮ, ೧೮ರಲ್ಲಿ ತಾರಷಡ್ಜ ದೊರೆಯುತ್ತವೆ. ಆಧುನಿಕ ವಿದ್ವಾಂಸರಲ್ಲಿ ಹಲವರು ಒಪ್ಪಿರುವ ಅರ್ಥದಂತೆ, ನಾಲ್ಕು ಶ್ರುತಿ ಏರಲು ತಂತಿಯ ಒಂಬತ್ತನೆಯ ಒಂದು ಭಾಗವನ್ನು, ಮೂರು ಶ್ರುತಿ ಏರಲು ಹತ್ತನೆಯ ಒಂದು ಭಾಗವನ್ನು, ಎರಡು ಶ್ರುತಿ ಏರಲು ಹದಿನಾರನೆಯ ಒಂದು ಭಾಗವನ್ನು ಮೊಟಕುಗೊಳಿಸಬೇಕು. ೩೬ರಲ್ಲಿ ಹತ್ತನೆಯ ಒಂದು ಭಾಗವನ್ನು ಕಳೆದರೆ ೩೨.೪ ಅಂಗುಲದ ರಿಷಭ. ಅದರಲ್ಲಿ ಹದಿನಾರನೆಯ ಒಂದನ್ನು ಕಳೆದರೆ ೩೦.೩೭೫ ಅಂಗುಲದ ಗಾಂಧಾರ. ಅದರಲ್ಲಿ ಒಂಬತ್ತನೆಯ ಒಂದನ್ನು ಕಳೆದರೆ ಸರಿಯಾಗಿ ೨೭ ಅಂಗುಲದ ಮಧ್ಯಮ. ಲೆಕ್ಕವು ತಾನಾಗಿ ಕೂಡಿಬರುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ೨೨ ಶ್ರುತಿಗಳು ಸಮಾನ ಅಳತೆಯ ತುಂಡುಗಳಲ್ಲ. ಶ್ರುತಿಸಂಖ್ಯೆ ಸ್ಥಾನವನ್ನು ಎಣಿಸುತ್ತದೆಯೇ ಹೊರತು ಉದ್ದವನ್ನು ಅಳೆಯುವುದಿಲ್ಲ. ಇವುಗಳಲ್ಲಿ ಅತಿ ಚಿಕ್ಕದಾದುದು ಪ್ರಮಾಣಶ್ರುತಿ. ಷಡ್ಜಗ್ರಾಮದ ಪಂಚಮವನ್ನು ಒಂದು ಶ್ರುತಿ ಇಳಿಸಿದರೆ ಮಧ್ಯಮಗ್ರಾಮದ ಪಂಚಮ ದೊರೆಯುತ್ತದೆ. ಆ ಅಂತರವೇ ಪ್ರಮಾಣಶ್ರುತಿ ಎಂದು ಭರತನ ನಿರ್ಣಯ. ಮೇಲಿನ ತಂತಿಯ ಮೇಲೆ ೨೪ ಅಂಗುಲಕ್ಕೂ ೨೪.೩ ಅಂಗುಲಕ್ಕೂ ಇರುವ ವ್ಯತ್ಯಾಸವಿದು. ಕಣ್ಣಿಗೆ ಅಲ್ಪ, ಶ್ರುತಿಜ್ಞಾನವುಳ್ಳ ಕಿವಿಗೆ ಅಲ್ಪವಲ್ಲ.

ಮಧ್ಯಮದಲ್ಲಿ ಮರಳುವ ಶ್ರೇಣಿ

ನಾಲ್ಕು ಸ್ವರಗಳ ಒಂದು ತುಂಡನ್ನು ಖಂಡವೆಂದು ಕರೆಯಬಹುದು. ಒಂದು ಸ್ಥಾಯಿಯಲ್ಲಿ ಇಂಥ ಎರಡು ಖಂಡಗಳನ್ನು ಜೋಡಿಸುವ ಕ್ರಮ ಎರಡು ಬಗೆ. ಮೊದಲನೆಯದು ಬಿಡಿಜೋಡಣೆ: ಷಡ್ಜದಿಂದ ಮಧ್ಯಮದವರೆಗೆ ಒಂದು ಖಂಡ, ನಡುವೆ ನಾಲ್ಕು ಶ್ರುತಿಯ ಅಂತರ, ಬಳಿಕ ಪಂಚಮದಿಂದ ತಾರಷಡ್ಜದವರೆಗೆ ಇನ್ನೊಂದು ಖಂಡ. ಸಂಗೀತಾಭ್ಯಾಸವನ್ನು ಆರಂಭಿಸುವ ಮಾಯಾಮಾಳವಗೌಳದಲ್ಲಿ ಪೂರ್ವಾಂಗ, ಉತ್ತರಾಂಗಗಳು ಒಂದರ ಪಡಿಯಚ್ಚು ಇನ್ನೊಂದಾಗಿರುವುದು ಈ ಕ್ರಮದಿಂದ. ಇಲ್ಲಿ ಒಂಬತ್ತು, ನಾಲ್ಕು, ಒಂಬತ್ತು ಕೂಡಿ ೨೨ ಆಗುತ್ತದೆ. ಎರಡನೆಯ ಖಂಡ ಮುಗಿಯುವಲ್ಲಿ ತಾರಷಡ್ಜ ಸಿದ್ಧವಾಗಿರುತ್ತದೆ.

ಎರಡನೆಯದು ಕೂಡುಜೋಡಣೆ. ಮೊದಲ ಖಂಡದ ಕೊನೆಯ ಸ್ವರವಾದ ಮಧ್ಯಮವೇ ಎರಡನೆಯ ಖಂಡದ ಮೊದಲ ಸ್ವರ, ನಡುವೆ ಅಂತರವಿಲ್ಲ. ಮಧ್ಯಮವನ್ನೇ ಷಡ್ಜವೆಂದು ಬಗೆದು ಹಾಡುವ ಪದ್ಧತಿ ಕನ್ನಡಿಗರಿಗೆ ಹೊಸದಲ್ಲ. ಕರ್ನಾಟಕ ಸಂಗೀತದಲ್ಲಿ ಪುನ್ನಾಗವರಾಳಿ, ನಾದನಾಮಕ್ರಿಯೆ, ಕುರಿಂಜಿ ಮೊದಲಾದವುಗಳನ್ನು ಮಧ್ಯಮಶ್ರುತಿಯಲ್ಲಿ ಹಾಡುತ್ತಾರೆ. ಹಿಂದುಸ್ತಾನಿಯಲ್ಲಿ ಪಹಾಡಿಯಂಥ ರಾಗಗಳಿಗೂ ಈ ರೂಢಿಯುಂಟು. ಆದರೆ ಅಲ್ಲಿ ಆಧಾರಷಡ್ಜವನ್ನು ಒಮ್ಮೆ ಸ್ಥಳಾಂತರಿಸಿದ ಮೇಲೆ ಮತ್ತೆ ಸ್ಥಾಯಿಯ ಲೆಕ್ಕವೇ ನಡೆಯುತ್ತದೆ. ಇಲ್ಲಿಯ ವಿಚಾರ ಅದಕ್ಕಿಂತ ಭಿನ್ನ. ಆಧಾರ ಇದ್ದಲ್ಲೇ ಇರುತ್ತದೆ. ನಡೆ ಮಾತ್ರ ಮಧ್ಯಮದಿಂದ ಮಧ್ಯಮಕ್ಕೆ ಮೆಟ್ಟಿಲೇರುತ್ತದೆ.

ಭಜನೆಯಲ್ಲಿ ಒಬ್ಬ ಗಾಯಕನು ಪಲ್ಲವಿಯನ್ನು ಷಡ್ಜದಿಂದ ಮಧ್ಯಮದವರೆಗಿನ ನಾಲ್ಕು ಸ್ವರಗಳಲ್ಲಿ ಹಾಡಿ, ನುಡಿಯನ್ನು ಏರುದನಿಯಲ್ಲಿ ಎತ್ತಿಕೊಳ್ಳುವಾಗ ಅದೇ ತಿರುವನ್ನು ಮಧ್ಯಮದಿಂದ ಮೇಲಕ್ಕೆ, ಮತ್ತೂ ಏರಿದಾಗ ಅದೇ ತಿರುವನ್ನು ಮೂರನೆಯ ಬಾರಿ ಹಾಡುತ್ತಾನೆ ಎಂದು ಭಾವಿಸಬಹುದು. ತಿರುವಿನ ಶ್ರುತಿಕ್ರಮ ಮೂರು-ಎರಡು-ನಾಲ್ಕು. ಆಗ ೩೬ ಅಂಗುಲದ ತಂತಿಯ ಮೇಲೆ ಆತನ ಸ್ವರಗಳು ಹೀಗೆ ನಿಲ್ಲುತ್ತವೆ:

ಮೊದಲ ಖಂಡ: ೩೬ – ೩೨.೪ – ೩೦.೩೭೫ – ೨೭
ಎರಡನೆಯ ಖಂಡ: ೨೭ – ೨೪.೩ – ೨೨.೭೮ – ೨೦.೨೫
ಮೂರನೆಯ ಖಂಡ: ೨೦.೨೫ – ೧೮.೨೨೫ – ೧೭.೦೯ – ೧೫.೧೯

ಎರಡನೆಯ ಖಂಡದ ಎರಡನೆಯ ಸ್ವರವನ್ನು ನೋಡಬೇಕು. ಅದು ೨೪ ಅಂಗುಲದ ಪಂಚಮವಲ್ಲ, ೨೪.೩ ಅಂಗುಲದ್ದು; ಎಂದರೆ ಸಾಕ್ಷಾತ್ ಮಧ್ಯಮಗ್ರಾಮದ ಪಂಚಮ. ಮೂರನೆಯ ಖಂಡದ ಎರಡನೆಯ ಸ್ವರವು ಇನ್ನೂ ಕುತೂಹಲಕರವಾದುದು. ಶ್ರುತಿಯನ್ನು ಎಣಿಸಿದರೆ ಎರಡು ಖಂಡಗಳಿಗೆ ಹದಿನೆಂಟು, ಅದರ ಮೇಲೆ ಮೂರು, ಒಟ್ಟು ೨೧. ತಾರಷಡ್ಜವಿರುವುದು ೨೨ರಲ್ಲಿ. ಗಾಯಕನು ಷಡ್ಜದ ಹೊಸ್ತಿಲವರೆಗೆ ಬಂದು ಒಂದು ಪ್ರಮಾಣಶ್ರುತಿ ಕೆಳಗೆ ನಿಂತಿದ್ದಾನೆ. ತಂತಿಯ ಲೆಕ್ಕವೂ ಇದನ್ನೇ ಹೇಳುತ್ತದೆ: ೧೮ ಅಂಗುಲ ಇರಬೇಕಾದಲ್ಲಿ ೧೮.೨೨೫ ಅಂಗುಲ.

ಈ ಕೊರತೆ ಎಲ್ಲಿ ಬೀಳುತ್ತದೆ ಎಂಬುದು ಖಂಡದ ಶ್ರುತಿಕ್ರಮವನ್ನು ಅವಲಂಬಿಸಿದೆ. ಖಮಾಜ್ ಅಥವಾ ಹರಿಕಾಂಭೋಜಿಯ ಮಾದರಿಯಲ್ಲಿ ನಾಲ್ಕು-ಮೂರು-ಎರಡು ಎಂಬ ಕ್ರಮವನ್ನು ತೆಗೆದುಕೊಂಡರೆ, ಹದಿನೆಂಟಕ್ಕೆ ನಾಲ್ಕು ಕೂಡಿ ತಾರಷಡ್ಜವು ಶುದ್ಧವಾಗಿಯೇ ದೊರೆಯುತ್ತದೆ. ಆದರೆ ಅದರ ಮುಂದಿನ ರಿಷಭವು ನಾಲ್ಕು ಶ್ರುತಿಯ ಬದಲು ಮೂರು ಶ್ರುತಿಯದಾಗುತ್ತದೆ. ೧೬ ಅಂಗುಲಕ್ಕೆ ಬದಲಾಗಿ ೧೬.೨. ಮಧ್ಯಸ್ಥಾಯಿಯ ಗಾಂಧಾರ ತೀವ್ರವಾಗಿದ್ದರೆ ತಾರಸ್ಥಾಯಿಯ ಗಾಂಧಾರ ಕೋಮಲವಾಗುತ್ತದೆ. ಮಧ್ಯಮದಲ್ಲಿ ಮರಳುವ ಶ್ರೇಣಿಗೆ ಸ್ಥಾಯಿಯೆಂಬುದು ಸಹಜ ಗಡಿಯಲ್ಲ. ಒಂಬತ್ತಕ್ಕೂ ಇಪ್ಪತ್ತೆರಡಕ್ಕೂ ಸಾಮಾನ್ಯ ಭಾಜಕವಿಲ್ಲದ ಕಾರಣ, ಈ ಮೆಟ್ಟಿಲನ್ನು ೨೨ ಬಾರಿ ಏರಿದ ಹೊರತು ಎಣಿಕೆಯು ಮತ್ತೆ ಷಡ್ಜದೊಡನೆ ಕೂಡುವುದಿಲ್ಲ. ಅಷ್ಟರಲ್ಲಿ ಒಂಬತ್ತು ಸ್ಥಾಯಿಗಳು ದಾಟಿರುತ್ತವೆ. ಮಾನವಕಂಠಕ್ಕೆ ಅದು ಎಟುಕದ ಮಾತು.

ರೂಢಿಯ ಸ್ವರಲಿಪಿಯ ಮಿತಿ

ಪಂಡಿತ ವಿಷ್ಣು ನಾರಾಯಣ ಭಾತಖಂಡೆಯವರ (೧೮೬೦–೧೯೩೬) ಸ್ವರಲಿಪಿಯು ಉತ್ತರ ಕರ್ನಾಟಕದಲ್ಲಿಯೂ ವ್ಯಾಪಕವಾಗಿ ಬಳಕೆಯಲ್ಲಿದೆ. ಕೋಮಲಸ್ವರಕ್ಕೆ ಅಡಿಗೆರೆ, ತೀವ್ರಮಧ್ಯಮಕ್ಕೆ ನೆತ್ತಿಗೆರೆ, ಮಂದ್ರಕ್ಕೆ ಕೆಳಚುಕ್ಕೆ, ತಾರಕ್ಕೆ ಮೇಲ್ಚುಕ್ಕೆ. ಸರಳವೂ ಉಪಯುಕ್ತವೂ ಆದ ಈ ಪದ್ಧತಿಯು ಎರಡು ನಂಬಿಕೆಗಳ ಮೇಲೆ ನಿಂತಿದೆ: ಸ್ವರಸ್ಥಾನಗಳು ಹನ್ನೆರಡು; ಅವು ಸ್ಥಾಯಿಗೊಮ್ಮೆ ಅವವೇ ಆಗಿ ಮರಳುತ್ತವೆ. ಮೇಲೆ ಹೇಳಿದ ಶ್ರೇಣಿಯಲ್ಲಿ ಈ ಎರಡೂ ನಂಬಿಕೆಗಳು ಸಲ್ಲುವುದಿಲ್ಲ.

ಪಲ್ಲವಿಯ ತಿರುವು ಆ ಲಿಪಿಯಲ್ಲಿ ‘ಸ ರಿ ಗ ರಿ, ಸ ರಿ ಗ ಮ’ ಎಂದಾಗುತ್ತದೆ. ಅದೇ ತಿರುವು ಎರಡನೆಯ ಬಾರಿ ‘ಮ ಪ ದ ಪ, ಮ ಪ ದ ನಿ’ ಎಂದೂ, ಮೂರನೆಯ ಬಾರಿ ‘ನಿ ಸ ರಿ ಸ, ನಿ ಸ ರಿ ಗ’ ಎಂದೂ ಬರೆಯಲ್ಪಡುತ್ತದೆ. ಕಿವಿಗೆ ಒಂದೇ ಆಗಿರುವುದು ಕಣ್ಣಿಗೆ ಮೂರಾಗುತ್ತದೆ. ಅಲ್ಲದೆ ಮೂರನೆಯ ಬಾರಿಯ ರಿಷಭ ಕೋಮಲವಾಗಿರುವುದನ್ನು ಕಂಡ ಓದುಗನು, ಇಲ್ಲಿ ರಾಗ ಬದಲಾಯಿತೆಂದೋ ಹಾಡುವವನು ದಾರಿ ತಪ್ಪಿದನೆಂದೋ ತೀರ್ಮಾನಿಸುತ್ತಾನೆ. ಎಲ್ಲಕ್ಕಿಂತ ದೊಡ್ಡ ದೋಷವೆಂದರೆ, ಒಂದು ಶ್ರುತಿ ಕೆಳಗಿರುವ ಸ್ವರಕ್ಕೂ ಈ ಲಿಪಿಯಲ್ಲಿ ಮೇಲ್ಚುಕ್ಕೆಯ ‘ಸ’ ಎಂಬುದಲ್ಲದೆ ಬೇರೆ ಹೆಸರೇ ಇಲ್ಲ.

ಪೇಟಿಯು ಈ ದೋಷವನ್ನು ಇನ್ನಷ್ಟು ಮುಚ್ಚಿಹಾಕುತ್ತದೆ. ಅದರಲ್ಲಿ ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡಲಾಗಿರುತ್ತದೆ. ಷಡ್ಜದಿಂದ ಮಧ್ಯಮಕ್ಕೆ ಐದು ಮನೆ. ಎರಡು ಖಂಡಗಳಿಗೆ ಹತ್ತು. ಮುಂದೆ ಎರಡು ಮನೆ ಏರಿದರೆ ಹನ್ನೆರಡು. ತಾರಷಡ್ಜವು ಚಾಚೂ ತಪ್ಪದೆ ಸಿಕ್ಕಿಬಿಡುತ್ತದೆ! ಕಂಠದಲ್ಲಿ ೨೧ ಆಗಿ ಉಳಿಯುವುದು ಪೇಟಿಯಲ್ಲಿ ೨೨ ಆಗುತ್ತದೆ. ಪೇಟಿಯನ್ನು ಮುಂದಿಟ್ಟುಕೊಂಡು ಮಟ್ಟನ್ನು ಬರೆದವನಿಗೆ ಕೊರತೆ ಕಾಣುವುದೇ ಇಲ್ಲ. ಕಂಡರೂ ಅದು ಹಾಡುವವನ ಬೇಸೂರೆಂದು ತೋರುತ್ತದೆ.

ಪೇಟಿಯ ಈ ಮಿತಿಯನ್ನು ಹಿಂದಿನವರು ಗಮನಿಸದೆ ಇರಲಿಲ್ಲ. ಗಡಿಭಾಗದ ಸಾಂಗ್ಲಿಯಲ್ಲಿ ಕೃಷ್ಣಾಜಿ ಬಲ್ಲಾಳ ದೇವಲರು ೨೨ ಶ್ರುತಿಗಳನ್ನು ಕುರಿತ ತಮ್ಮ ಇಂಗ್ಲಿಷ್ ಗ್ರಂಥವನ್ನು ೧೯೧೦ರಲ್ಲಿ ಪ್ರಕಟಿಸಿದರು. ಕ್ಲೆಮೆಂಟ್ಸ್ ಎಂಬ ಆಂಗ್ಲ ಅಧಿಕಾರಿಯ ಸಹಕಾರದಿಂದ ಶ್ರುತಿಪೇಟಿಯೊಂದು ಸಿದ್ಧವಾಯಿತು. ಅದು ಪ್ರಚಾರಕ್ಕೆ ಬರಲಿಲ್ಲ. ಸಮಭಾಗದ ಪೇಟಿಯೇ ಹಳ್ಳಿಹಳ್ಳಿಗೂ ಹಬ್ಬಿತು. ಅಖಿಲ ಭಾರತ ರೇಡಿಯೋ ೧೯೪೦ರಲ್ಲಿ ಪೇಟಿಯನ್ನು ತನ್ನ ಕಾರ್ಯಕ್ರಮಗಳಿಂದ ಹೊರಗಿಟ್ಟು, ೧೯೭೧ರಲ್ಲಿ ಆ ನಿರ್ಬಂಧವನ್ನು ಭಾಗಶಃ ಸಡಿಲಿಸಿತು. ಪೇಟಿಯನ್ನು ಹಳಿಯುವುದು ಇಲ್ಲಿಯ ಉದ್ದೇಶವಲ್ಲ. ಭಜನೆಯನ್ನು ಜೀವಂತವಾಗಿಡುವಲ್ಲಿ ಅದರ ಉಪಕಾರ ದೊಡ್ಡದು. ಅದು ಜೊತೆಗಾರನಾಗಲಿ, ಸಾಕ್ಷಿಯಾಗುವುದು ಬೇಡ ಎಂಬಷ್ಟೇ ಮಾತು.

ಅನ್ಯದೇಶಗಳ ಅನುಭವ

ಈ ಸಮಸ್ಯೆಯನ್ನು ಎದುರಿಸಿದವರು ಬೇರೆ ದೇಶಗಳಲ್ಲಿಯೂ ಇದ್ದಾರೆ. ಪ್ರಾಚೀನ ಗ್ರೀಕರ ಸಂಗೀತಶಾಸ್ತ್ರವು ಸ್ಥಾಯಿಗಿಂತ ಮೊದಲು ನಾಲ್ಕು ಸ್ವರದ ಖಂಡವನ್ನೇ ಮೂಲಮಾನವಾಗಿ ಹಿಡಿದು, ಕೂಡುಜೋಡಣೆ, ಬಿಡಿಜೋಡಣೆಗಳೆರಡನ್ನೂ ವಿವರಿಸಿದೆ. ರಷ್ಯಾದೇಶದ ಪ್ರಾಚೀನ ಕ್ರೈಸ್ತ ಮಠಗಾಯನದ ಶ್ರೇಣಿಯಂತೂ ಮಧ್ಯಮದಲ್ಲಿಯೇ ಮರಳುವಂಥದು. ಅಲ್ಲಿ ಹನ್ನೆರಡು ಸ್ವರಗಳನ್ನು ಮೂರು ಮೂರರ ನಾಲ್ಕು ಗುಂಪುಗಳಾಗಿ ವಿಭಜಿಸಿದ್ದಾರೆ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಮಂದ್ರದ ಪ-ದ-ನಿ, ಮಧ್ಯದ ಸ-ರಿ-ಗ, ಮ-ಪ-ದ, ಕೊನೆಗೆ ನಿ-ಸ-ರಿ. ಕೆಳಗಿನ ನಿಷಾದ ತೀವ್ರ, ಮೇಲಿನ ನಿಷಾದ ಕೋಮಲ. ಪ್ರತಿಯೊಂದು ಗುಂಪೂ ಹಿಂದಿನದರ ಪಡಿಯಚ್ಚು. ೧೭ನೆಯ ಶತಮಾನದಲ್ಲಿ ಅವರು ತಮ್ಮ ಗಾಯನಚಿಹ್ನೆಗಳ ಪಕ್ಕದಲ್ಲಿ ಕೆಂಪು ಮಸಿಯ ಸಣ್ಣ ಅಕ್ಷರಗಳನ್ನು ಸೇರಿಸಿ ಸ್ವರದ ಎತ್ತರವನ್ನು ಸೂಚಿಸತೊಡಗಿದರು. ಅಲೆಕ್ಸಾಂಡರ್ ಮೆಜೆನೆಟ್ಸ್ ಎಂಬ ಸನ್ಯಾಸಿಯು ೧೬೬೮ರಲ್ಲಿ ಈ ಚಿಹ್ನೆಗಳನ್ನು ವಿವರಿಸುವ ಕೈಪಿಡಿಯನ್ನು ಸಿದ್ಧಪಡಿಸಿದನು. ಮಠಗಳ ಹಾಡುಗಳು ಅಳಿಯಬಾರದೆಂಬ ಕಳಕಳಿಯೇ ಆ ಶ್ರಮದ ಹಿಂದಿದ್ದಿತು.

ಪಶ್ಚಿಮ ಯೂರೋಪಿನಲ್ಲಿ ೯ನೆಯ ಶತಮಾನದ ‘ಮೂಸಿಕಾ ಎಂಖಿರಿಯಾಡಿಸ್’ ಎಂಬ ಗ್ರಂಥವು ಇನ್ನೊಂದು ಉಪಾಯವನ್ನು ತೋರಿಸುತ್ತದೆ. ಖಂಡವೊಂದರ ನಾಲ್ಕು ಸ್ವರಗಳಿಗೆ ನಾಲ್ಕು ಚಿಹ್ನೆಗಳು. ಬೇರೆ ಖಂಡಕ್ಕೆ ಹೋದಾಗ ಅವೇ ಚಿಹ್ನೆಗಳನ್ನು ಮಗುಚಿ, ತಿರುಗಿಸಿ ಬರೆಯುವುದು. ಅಲ್ಲಿಯ ಖಂಡಗಳು ಬಿಡಿಜೋಡಣೆಯವಾದ್ದರಿಂದ ಶ್ರೇಣಿಯು ಪಂಚಮದಲ್ಲಿ ಮರಳುತ್ತದೆ. ಕೆಲವು ಎಡೆಗಳಲ್ಲಿ ಸ್ಥಾಯಿಯ ಸಂವಾದ ಕೆಟ್ಟು, ಆ ಲಿಪಿ ಬಳಕೆಯಿಂದ ಹಿಂದೆ ಸರಿಯಿತು. ಈ ಎರಡು ಅನುಭವಗಳಿಂದ ಕಲಿಯತಕ್ಕ ಪಾಠಗಳೂ ಎರಡು. ಒಂದೇ ನಡೆಗೆ ಒಂದೇ ಗುರುತು ಇರಬೇಕು. ಅದು ಯಾವ ಖಂಡದಲ್ಲಿದೆ ಎಂಬುದನ್ನು ಗುರುತಿನ ರೂಪವೇ ಹೇಳಬೇಕು. ಎರಡನೆಯದಾಗಿ, ಆಧಾರಷಡ್ಜದ ಸಂಬಂಧವನ್ನು ಲಿಪಿಯು ಕಳೆದುಕೊಳ್ಳಬಾರದು.

ಕಾಗುಣಿತದ ದಾರಿ

ಈ ಎರಡು ಅಗತ್ಯಗಳನ್ನು ಪೂರೈಸಲು ಪರದೇಶದ ಚಿಹ್ನೆಗಳನ್ನು ಎರವಲು ತರಬೇಕಾಗಿಲ್ಲ. ತಮಿಳುನಾಡಿನ ಪುದುಕ್ಕೋಟೆಯ ಬಳಿಯ ಕುಡುಮಿಯಾನ್‌ಮಲೈಯಲ್ಲಿ ಶಿವಾಲಯಕ್ಕೆ ಸೇರಿದ ಬಂ‍ಡೆಯ ಮೇಲೆ ಸುಮಾರು ೭ನೆಯ ಶತಮಾನದ ಸಂಗೀತಶಾಸನವೊಂದಿದೆ. ರುದ್ರಾಚಾರ್ಯನ ಶಿಷ್ಯನೂ ಪರಮಮಾಹೇಶ್ವರನೂ ಆದ ಅರಸನೊಬ್ಬನು ಅದನ್ನು ರಚಿಸಿದನೆಂದು ಶಾಸನವೇ ಹೇಳುತ್ತದೆ. ಅದರಲ್ಲಿ ಸ್ವರಗಳನ್ನು ನಾಲ್ಕು ನಾಲ್ಕರ ಗುಂಪುಗಳಲ್ಲಿ ಕೆತ್ತಲಾಗಿದೆ. ಒಂದೊಂದು ಸ್ವರಾಕ್ಷರಕ್ಕೂ ಅ, ಇ, ಉ, ಎ ಎಂಬ ಸ್ವರಚಿಹ್ನೆಗಳನ್ನು ಹಚ್ಚಿ ‘ಸ, ಸಿ, ಸು, ಸೆ’. ‘ರ, ರಿ, ರು, ರೆ’ ಎಂಬಂತೆ ಭೇದ ಮಾಡಲಾಗಿದೆ. ಈ ಭೇದಗಳು ಶ್ರುತಿಯ ಭೇದಗಳೆಂಬುದು ವಿದ್ವಾಂಸರಲ್ಲಿ ಹಲವರ ಅಭಿಪ್ರಾಯ. ವ್ಯಂಜನವು ಒಂದನ್ನು ಹೇಳಬೇಕು, ಅದಕ್ಕೆ ಹತ್ತಿದ ಸ್ವರವು ಇನ್ನೊಂದನ್ನು ಹೇಳಬೇಕು ಎಂಬ ಈ ಕ್ರಮವು ಕಾಗುಣಿತವುಳ್ಳ ಲಿಪಿಗಳಿಗೆ ಅತ್ಯಂತ ಸಹಜವಾದುದು.

ಈ ಕ್ರಮವನ್ನು ಬೇರೊಂದು ಅರ್ಥದಲ್ಲಿ ಪ್ರಕೃತ ವಿಷಯಕ್ಕೆ ಹೊಂದಿಸಿಕೊಳ್ಳಬಹುದು. ಮಧ್ಯಮದಲ್ಲಿ ಮರಳುವ ಶ್ರೇಣಿಯಲ್ಲಿ ಖಂಡದ ನಾಲ್ಕನೆಯ ಸ್ವರವೇ ಮುಂದಿನ ಖಂಡದ ಮೊದಲನೆಯದು. ಆದುದರಿಂದ ಮೂರೇ ವ್ಯಂಜನಗಳು ಸಾಕು: ಸ, ರ, ಗ. ಇವು ಖಂಡದೊಳಗಿನ ಮೆಟ್ಟಿಲನ್ನು ಹೇಳುತ್ತವೆ. ಮೊದಲ ಖಂಡಕ್ಕೆ ಅಕಾರ, ಎರಡನೆಯದಕ್ಕೆ ಇಕಾರ, ಮೂರನೆಯದಕ್ಕೆ ಉಕಾರ, ನಾಲ್ಕನೆಯದಕ್ಕೆ ಎಕಾರ. ಆಗ ಹಿಂದಿನ ಮಟ್ಟು ಹೀಗಾಗುತ್ತದೆ:

ಶ್ರುತಿಕ್ರಮ: ೩-೨-೪. ಆಧಾರ: ಸ.
ಸ ರ ಗ ರ । ಸ ರ ಗ ಸಿ ॥
ಸಿ ರಿ ಗಿ ರಿ । ಸಿ ರಿ ಗಿ ಸು ॥
ಸು ರು ಗು ರು । ಸು ರು ಗು ಸೆ ॥

ಕಿವಿಗೆ ಒಂದಾಗಿದ್ದುದು ಈಗ ಕಣ್ಣಿಗೂ ಒಂದಾಗಿದೆ. ವ್ಯಂಜನಗಳ ಸಾಲು ಮೂರೂ ಬಾರಿ ಅದೇ. ಬದಲಾದುದು ಕಾಗುಣಿತ ಮಾತ್ರ. ಹೆಚ್ಚಿನದೇನೆಂದರೆ ಇದನ್ನು ಬಾಯಿಯಿಂದ ಹಾಡಿಯೂ ಅಭ್ಯಾಸ ಮಾಡಬಹುದು. ನಾಲ್ಕು ಖಂಡಗಳೆಂದರೆ ೩೬ ಶ್ರುತಿ, ಒಂದೂವರೆ ಸ್ಥಾಯಿಗಿಂತ ಹೆಚ್ಚು. ಸಾಮಾನ್ಯ ಭಜನೆಯ ಕಂಠಕ್ಕೆ ಇಷ್ಟು ಸಾಕಾಗುತ್ತದೆ. ಕೆಳಖಂಡಕ್ಕೆ ಇಳಿಯುವ ಪದವಾದರೆ ಅತ್ಯಂತ ಕೆಳಗಿನ ಖಂಡಕ್ಕೆ ಅಕಾರವನ್ನು ಕೊಟ್ಟು, ಆಧಾರವು ‘ಸಿ’ ಎಂದು ಶಿರೋಭಾಗದಲ್ಲಿ ಸೂಚಿಸಿದರಾಯಿತು. ಶಿರೋಭಾಗದ ಶ್ರುತಿಕ್ರಮವನ್ನು ಮಾತ್ರ ಎಂದೂ ಬಿಡಬಾರದು. ಅದೊಂದಿದ್ದರೆ ‘ರು’ ಎಂಬುದು ಮೊದಲ ಉದಾಹರಣೆಯಲ್ಲಿ ೨೧ನೆಯ ಶ್ರುತಿಯೆಂದೂ, ೪-೩-೨ರ ಕ್ರಮದಲ್ಲಿ ೨೨ನೆಯದಾದ ತಾರಷಡ್ಜವೇ ಎಂದೂ ಯಾರು ಬೇಕಾದರೂ ಲೆಕ್ಕ ಹಾಕಿ ತಿಳಿಯಬಹುದು.

ಇದು ಎಲ್ಲ ಸಂಗೀತಕ್ಕೂ ಸಲ್ಲುವ ಲಿಪಿಯಲ್ಲ. ಸ್ಥಾಯಿಯಲ್ಲಿ ಮರಳುವ ರಾಗಗಳಿಗೆ ರೂಢಿಯ ಲಿಪಿಯೇ ಯೋಗ್ಯ. ಬಿಡಿಜೋಡಣೆಯ ಮಟ್ಟನ್ನು ಖಂಡಲಿಪಿಯಲ್ಲಿ ಬರೆದರೆ ಆಗುವ ಅಪಚಾರವೂ, ಕೂಡುಜೋಡಣೆಯ ಮಟ್ಟನ್ನು ಸ್ಥಾಯಿಲಿಪಿಯಲ್ಲಿ ಬರೆದರೆ ಆಗುವ ಅಪಚಾರವೂ ಸಮಾನವೇ.

ಬೇಸೂರೋ, ಕ್ರಮವೋ?

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಏಕತಾರಿಯ ತಂತಿ ಎಡೆಬಿಡದೆ ಷಡ್ಜವನ್ನು ನುಡಿಯುತ್ತಿರುವಾಗ ಗಾಯಕನು ತಾರಷಡ್ಜಕ್ಕಿಂತ ಒಂದು ಶ್ರುತಿ ಕೆಳಗೆ ನಿಲ್ಲಲು ಸಾಧ್ಯವೇ? ಆಕ್ಷೇಪದಲ್ಲಿ ಹುರುಳಿದೆ. ಷಡ್ಜದ ಕಂಪನವನ್ನು ಸೆಕೆಂಡಿಗೆ ೨೪೦ ಎಂದು ಇಟ್ಟುಕೊಂಡರೆ ತಾರಷಡ್ಜಕ್ಕೆ ೪೮೦. ೨೧ನೆಯ ಶ್ರುತಿಯ ಈ ಸ್ವರಕ್ಕೆ ಸುಮಾರು ೪೭೪. ತಂತಿಯ ಒಳದನಿಯೊಡನೆ ಇದು ಸೇರಿದಾಗ ಸೆಕೆಂಡಿಗೆ ಸುಮಾರು ೬ ಬಾರಿ ನಾದವು ನಡುಗುತ್ತದೆ. ಆ ನಡುಕವೇ ಗಾಯಕನನ್ನು ಮೇಲಕ್ಕೆ, ಶುದ್ಧಷಡ್ಜದ ಕಡೆಗೆ ಸೆಳೆಯುತ್ತದೆ. ಅದಕ್ಕೆ ಮಣಿದವನು ಷಡ್ಜವನ್ನು ಉಳಿಸಿಕೊಂಡು ತಿರುವನ್ನು ಕಿಂಚಿತ್ ಬದಲಾಯಿಸುತ್ತಾನೆ. ಮಣಿಯದವನು ತಿರುವನ್ನು ಉಳಿಸಿಕೊಂಡು ಷಡ್ಜವನ್ನು ಬಿಡುತ್ತಾನೆ. ಎರಡೂ ಒಟ್ಟಿಗೆ ಉಳಿಯಲಾರವು. ಇದು ಯಾರ ದೋಷವೂ ಅಲ್ಲ, ಸಂಖ್ಯೆಗಳ ಸ್ವಭಾವ. ಏಕತಾರಿ ಮೆಲ್ಲಗಿದ್ದು ತಾಳ-ದಮ್ಮಡಿಗಳ ಅಬ್ಬರ ಹೆಚ್ಚಾದಾಗ, ಇಲ್ಲವೆ ಶ್ರುತಿವಾದ್ಯವಿಲ್ಲದೆ ಹಾಡುವಾಗ, ಆಧಾರದ ಸೆಳೆತ ಕಡಿಮೆಯಾಗಿ ತಿರುವಿನ ಸೆಳೆತ ಮೇಲಾಗುವುದು ಸಂಭವನೀಯ.

ಆದುದರಿಂದ ಮಟ್ಟನ್ನು ಬರೆಯಹೊರಟವರು ತೀರ್ಪನ್ನು ಮೊದಲೇ ಕೊಡದೆ ಪರೀಕ್ಷೆಯನ್ನು ಮೊದಲು ಮಾಡಬೇಕು. ಹಾಡುವವರಿಂದ ಪದವನ್ನು ಒಮ್ಮೆ ಏಕತಾರಿಯೊಡನೆ, ಒಮ್ಮೆ ಶ್ರುತಿವಾದ್ಯವಿಲ್ಲದೆ ಹಾಡಿಸಿ, ಎರಡು ಬಾರಿಯೂ ಪೇಟಿಯನ್ನು ದೂರವಿಡುವುದು ಒಳಿತು. ಬಳಿಕ ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳಬೇಕು. ಏರುದನಿಯ ನುಡಿ ಮಧ್ಯಮದಿಂದ ಹೊರಟಿತೋ, ಪಂಚಮದಿಂದಲೋ? ಮಧ್ಯಮದಿಂದ ಹೊರಟಿದ್ದರೆ ಅದರ ಎರಡನೆಯ ಸ್ವರವು ತಂತಿಯ ಪಂಚಮದೊಡನೆ ಕೂಡುತ್ತದೆಯೋ, ಒಂದು ಶ್ರುತಿ ಕೆಳಗಿದೆಯೋ? ಪದವನ್ನು ಮತ್ತೆ ಮತ್ತೆ ಹಾಡಿಸಿದಾಗಲೂ ಆ ಕೊರತೆ ಅದೇ ಸ್ಥಳದಲ್ಲಿ, ಅಷ್ಟೇ ಪ್ರಮಾಣದಲ್ಲಿ ಬೀಳುತ್ತದೆಯೋ? ಕೊನೆಯ ಪ್ರಶ್ನೆಯೇ ನಿರ್ಣಾಯಕ. ಬೇಸೂರು ಅಲ್ಲಲ್ಲಿ, ಆಗಾಗ ಬೀಳುತ್ತದೆ. ಕ್ರಮವು ಒಂದೇ ಕಡೆ, ಒಂದೇ ತೂಕದಲ್ಲಿ ಬೀಳುತ್ತದೆ. ಇಂದು ಧ್ವನಿಯನ್ನು ಮುದ್ರಿಸಿ ಗಣಕಯಂತ್ರದಲ್ಲಿ ಕಂಪನಗಳನ್ನು ಎಣಿಸುವ ಅನುಕೂಲವೂ ಇದೆ. ಅದಿಲ್ಲದ ಕಡೆ ೩೬ ಅಂಗುಲದ ತಂತಿ, ಒಂದು ಅಳತೆಗೋಲು, ತಾಳ್ಮೆಯುಳ್ಳ ಕಿವಿ, ಇಷ್ಟು ಸಾಕು.

ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು (೧೮೯೨–೧೯೪೪) ಹಾಗೂ ಪುಟ್ಟರಾಜ ಗವಾಯಿಗಳು (೧೯೧೪–೨೦೧೦) ಕಣ್ಣಿನ ನೆರವಿಲ್ಲದೆಯೇ ಎರಡೂ ಸಂಗೀತಪದ್ಧತಿಗಳ ಸೂಕ್ಷ್ಮಗಳನ್ನು ಅಸಂಖ್ಯ ಶಿಷ್ಯರಿಗೆ ದಾಟಿಸಿದರು. ಗುರುವಿನ ಕಂಠವೇ ಶಿಷ್ಯನಿಗೆ ಲಿಪಿಯಾಗಿರುವಲ್ಲಿ ಕಾಗದದ ಅಗತ್ಯ ಅಷ್ಟಾಗಿ ತೋರುವುದಿಲ್ಲ. ಸಿಂಧನೂರು, ಲಿಂಗಸುಗೂರು, ಮಸ್ಕಿಯ ಹಳ್ಳಿಗಳ ಪದಕಾರರಿಗೆ ಅಂಥ ಅವಿಚ್ಛಿನ್ನವಾದ ಶಿಷ್ಯಪರಂಪರೆ ಎಲ್ಲ ಕಡೆಯೂ ಒದಗಿಲ್ಲ. ಅವರ ಮಟ್ಟುಗಳು ಉಳಿಯಬೇಕಾದರೆ ಬರವಣಿಗೆಯೇ ಬಹುಮಟ್ಟಿಗೆ ಆಶ್ರಯ. ಆ ಬರವಣಿಗೆಯು ಅವರ ದನಿಯಲ್ಲಿರುವುದನ್ನು ಮೊದಲು ಒಪ್ಪಿಕೊಂಡು, ಅನಂತರ ಅದಕ್ಕೆ ತಕ್ಕ ಅಕ್ಷರವನ್ನು ಹುಡುಕಬೇಕು. ಅಕ್ಷರಕ್ಕೆ ಹೊಂದದ ಶ್ರುತಿಯನ್ನು ಅಳಿಸುವುದಕ್ಕಿಂತ, ಶ್ರುತಿಗೆ ಹೊಂದುವಂತೆ ಅಕ್ಷರಕ್ಕೊಂದು ಕಾಗುಣಿತವನ್ನು ಹಚ್ಚುವುದು ಸುಲಭವೂ ಹೌದು, ನ್ಯಾಯವೂ ಹೌದು.